ಭಂಗಿ ಎಲೆಯ ಮೇಲೆ ಬಿಳಿ ಮಣಿಗಳು

ಒಕಾಜಾಕಿ, ಊಟದ ಮೇಜು

ಬಾಯಲ್ಲಿ ತುತ್ತಿರುವಾಗ ಮಾತಾಡಬೇಡ ಎಂದು ನಮ್ಮಮ್ಮ ಎಷ್ಟು ಸಲ ಗದರಿದ್ದಳೋ ಲೆಕ್ಕವಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ, ಜಪಾನಿನ ಒಕಾಜಾಕಿ ಎಂಬ ಊರಿನಲ್ಲಿ, ಬಾಯಿ ತುಂಬ ಉದೊನ್ ಶಾವಿಗೆ ಇಟ್ಟುಕೊಂಡು ನಾನು ಆಡಿದ ಒಂದು ಮಾತಿನಿಂದ ಯಾರೋ ಒಬ್ಬ ಹೆಂಗಸಿನ ಹೊಲದ ಮೂರರಲ್ಲೊಂದು ಪಾಲು ಬರಿದಾಯಿತು. ಅದನ್ನೇ ಹೇಳಹೊರಟಿದ್ದೇನೆ. ಬುಲೆಟ್ ರೈಲು, ಚೆರ್ರಿ ಹೂವುಗಳ ಬಗ್ಗೆ ನೋಡಿಬಂದವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೋಗುವಷ್ಟರಲ್ಲಿ ಚೆರ್ರಿ ಹೂವು ಉದುರಿ, ಮರದ ತುಂಬ ಬರೀ ಎಲೆ ಇತ್ತು.

ಮಂಡ್ಯದ ಕಡೆಯ ಒಂದು ಕೃಷಿ ಕಾಲೇಜಿನಲ್ಲಿ ಮೂವತ್ತು ವರ್ಷದಿಂದ ಗಿಡಗಳ ರೋಗದ ಪಾಠ ಮಾಡುತ್ತ ಬಂದವಳು ನಾನು. ಅದರಲ್ಲೂ ಬೂಷ್ಟು ನನ್ನ ವಿಷಯ. ಎಲ್ಲಿ ಬಿಳಿ ಕಂಡರೂ ಕಣ್ಣು ಅಲ್ಲಿಗೇ ಓಡುತ್ತದೆ. ಈ ಚಾಳಿಯ ದೆಸೆಯಿಂದ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಜಾಡಿಯನ್ನು ನನ್ನ ಕೈಗೆ ಕೊಡುವುದಿಲ್ಲ. ಒಕಾಜಾಕಿಯ ಸಂಶೋಧನಾ ಸಂಸ್ಥೆಯೊಂದಕ್ಕೆ ನನ್ನನ್ನು ಎರಡು ತಿಂಗಳ ಅತಿಥಿಯಾಗಿ ಕರೆಸಿಕೊಂಡವರು ಪ್ರೊಫೆಸರ್ ತಾನಾಬೆ-ಸಾನ್; ಹೆಸರಿಗೆ ಸಾನ್ ಹಚ್ಚುವುದು ಅಲ್ಲಿಯ ಮರ್ಯಾದೆ. ಅವರ ಪ್ರಯೋಗಾಲಯದಲ್ಲಿ ಬಸವನಗುಡಿಯ ನಿವೇದಿತಾ ಇದ್ದಳು. ಆರು ವರ್ಷದಿಂದ ಅಲ್ಲೇ ಇದ್ದು, ಜಪಾನಿ ಭಾಷೆಯಲ್ಲಿ ಜಗಳವಾಡುವಷ್ಟು ಪಳಗಿದ್ದಾಳೆ. ಆದರೆ ಅಲ್ಲಿ ಜಗಳವಾಡುವವರೇ ಸಿಗುವುದಿಲ್ಲ ಎಂಬುದು ಅವಳ ಕೊರಗು.

ಆ ಬುಧವಾರ ಕ್ಯಾಂಟೀನಿನಲ್ಲಿ ತಾನಾಬೆ-ಸಾನ್ ನನ್ನೆದುರು ಫೋನು ಹಿಡಿದರು. ಗುಡ್ಡಗಾಡಿನಲ್ಲಿರುವ ಅವರ ದೊಡ್ಡಮ್ಮ ಭಂಗಿ ಬೆಳೆಯುತ್ತಾರಂತೆ. ಸಸಿಗಳ ಎಲೆಯ ಮೇಲೆ ಏನೋ ಬೆಳೆದಿದೆ, ಸೆನ್ಸೇ, ಎಂದರೆ ಗುರುಗಳು, ಸ್ವಲ್ಪ ನೋಡಬಹುದೇ ಎಂದರು. ಚಿತ್ರದಲ್ಲಿ ಬೆಳಗಿನ ಇಬ್ಬನಿಗೆ ಒದ್ದೆಯಾದ ಎಲೆ. ಎಲೆಯ ಅಂಚಿನಲ್ಲಿ ನೆಟ್ಟಗೆ ನಿಂತ ಸಣ್ಣ ಸಣ್ಣ ಕೂದಲು, ಪ್ರತಿ ಕೂದಲಿನ ತುದಿಗೂ ಒಂದೊಂದು ಬಿಳಿ ಮಣಿ. ಚಿತ್ರ ಅಲುಗಿತ್ತು. ಹಳಸಿದ ಅನ್ನದ ಮೇಲೆ ಏಳುವ ಬೂಷ್ಟೂ ಹೀಗೆಯೇ ತಲೆ ಎತ್ತಿ ನಿಲ್ಲುತ್ತದೆ.

"ಬೂಷ್ಟು. ಹರಡುತ್ತೆ. ನಾನಾಗಿದ್ರೆ ಕಿತ್ತು ಹಾಕ್ತಿದ್ದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಇನ್ನೊಂದೆಳೆ ಶಾವಿಗೆ ಎಳೆದುಕೊಂಡೆ. ತಾನಾಬೆ-ಸಾನ್ ತಲೆಬಾಗಿ, ಅಲ್ಲೇ ಕೂತು ದೊಡ್ಡಮ್ಮನಿಗೆ ಸಂದೇಶ ಬರೆದರು. ನಾನು ಹೇಳಿದ್ದನ್ನು ಅಕ್ಷರ ಬಿಡದೆ ತಿಳಿಸಿದ್ದರೆಂದು ಆಮೇಲೆ ಗೊತ್ತಾಯಿತು.

ಭಾನುವಾರ ಬಿಡುವಿತ್ತು. ಎಲೆಯನ್ನು ಕಣ್ಣಾರೆ ನೋಡಿ ಬರೋಣ, ಆ ನೆಪದಲ್ಲಿ ಗುಡ್ಡವನ್ನೂ ಕಂಡ ಹಾಗಾಗುತ್ತದೆ ಎಂದು ನಾನೇ ಹೊರಟೆ. ಎಲೆಯನ್ನು ನಮ್ಮ ಬಳಿಗೆ ತರಿಸುವ ಮಾತೇ ಇರಲಿಲ್ಲ. ಅಲ್ಲಿ ಭಂಗಿ ಬೆಳೆಯಲು ಸರ್ಕಾರದ ಪರವಾನಗಿ ಬೇಕು. ಒಂದು ಎಲೆ ಹೊಲದ ಬೇಲಿ ದಾಟಿದರೂ ಅಪರಾಧ. ಊರಿನಲ್ಲಿರುವ ತಂಗಿಗೆ ಫೋನಿನಲ್ಲಿ ಸಂಗತಿ ತಿಳಿಸಿದೆ. "ಗಾಂಜಾ ಹೊಲಕ್ಕಾ? ಅಕ್ಕಾ, ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತೀಯ. ಪೆನ್ಷನ್ ಬೇಡ್ವಾ ನಿಂಗೆ?" ಎಂದಳು.

ಗುಡ್ಡದ ದಾರಿ

ನಿವೇದಿತಾಳ ಪುಟ್ಟ ಕಾರಿನಲ್ಲಿ ಮೂರು ಗಂಟೆಯ ದಾರಿ. ನಡುವೆ ಒಂದು ಕೊಂಬಿನಿಯಲ್ಲಿ, ಎಂದರೆ ಹಗಲು ರಾತ್ರಿ ತೆರೆದಿರುವ ಸಣ್ಣ ಅಂಗಡಿಯಲ್ಲಿ, ಚಹಾ ಕುಡಿದೆವು. ದಾರಿಯಲ್ಲಿ ಬಾಳೆಹಣ್ಣು ತಿಂದ ತಪ್ಪಿಗೆ ಅದರ ಸಿಪ್ಪೆಯನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಬೇಕಾಯಿತು. ರಸ್ತೆಯಲ್ಲಿ ಕಸದ ಬುಟ್ಟಿಯೂ ಇಲ್ಲ, ಕಸವೂ ಇಲ್ಲ. ನಮ್ಮಲ್ಲಾದರೆ ಸಿಪ್ಪೆಗೆ ಕಿಟಕಿಯಿದೆ, ಕಿಟಕಿಯಾಚೆ ಹಸುವಿದೆ.

ಗದ್ದೆಗಳಲ್ಲಿ ನಾಟಿಯ ಸಮಯ. ನೀರು ನಿಂತ ಮಡಿಗಳನ್ನು ನೋಡಿ ನಮ್ಮ ನಾಲೆ ಬಯಲು ನೆನಪಾಯಿತು. ಆದರೆ ಸದ್ದಿರಲಿಲ್ಲ. ಒಬ್ಬನೇ ಮುದುಕ ಯಂತ್ರದ ಮೇಲೆ ಕೂತು ನಾಟಿ ಮಾಡುತ್ತಿದ್ದ. ಹಾಡು ಇಲ್ಲ, ಬೈಗುಳ ಇಲ್ಲ, ಈ ಬದುವಿನಿಂದ ಆ ಬದುವಿಗೆ "ಊಟ ಆಯ್ತಾ" ಎಂಬ ಕೂಗೂ ಇಲ್ಲ.

"ಮೇಡಂ, ಒಂದ್ ವಿಷ್ಯ ಹೇಳ್ಬಿಡ್ತೀನಿ" ಎಂದಳು ನಿವೇದಿತಾ. "ಇಲ್ಲಿ ಯಾರೂ ನಿಮ್ ಮುಖಕ್ಕೆ ಇಲ್ಲ ಅನ್ನಲ್ಲ. ಹೌದು ಅಂತ ತಲೆ ಆಡ್ಸಿದ್ರೆ ಒಪ್ಕೊಂಡ್ರು ಅಂತ ಅಂದ್ಕೋಬೇಡಿ. ಕೇಳಿಸ್ಕೊಂಡೆ ಅಂತ ಅಷ್ಟೇ ಅರ್ಥ. ನಂಗಿದು ಗೊತ್ತಾಗಕ್ಕೆ ಎರಡು ವರ್ಷ ಬೇಕಾಯ್ತು."

ಮೂವತ್ತು ವರ್ಷ ರೈತರ ಜೊತೆ ಒಡನಾಡಿದವಳು ನಾನು, ನನಗೆ ಇವಳೇನು ಹೇಳಿಕೊಡುವುದು ಎಂದುಕೊಂಡು ಕಿಟಕಿಯ ಆಚೆ ನೋಡಿದೆ.

ಬೇಲಿಯ ಒಳಗೆ

ಹೊಲದ ಸುತ್ತ ಆಳೆತ್ತರದ ಬೇಲಿ, ಬಾಗಿಲಿಗೆ ಬೀಗ, ಬೀಗದ ಪಕ್ಕ ಒಂದು ಫಲಕ. ಈ ತಳಿಯಲ್ಲಿ ಮತ್ತೇರಿಸುವ ಗುಣವಿಲ್ಲ, ದಯವಿಟ್ಟು ಕದಿಯುವ ಶ್ರಮ ತೆಗೆದುಕೊಳ್ಳಬೇಡಿ ಎಂದು ಬರೆದಿದೆ ಎಂದು ನಿವೇದಿತಾ ಓದಿ ಹೇಳಿದಳು. ಕಳ್ಳನಿಗೂ ಇಷ್ಟು ಮರ್ಯಾದೆಯಿಂದ ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೀಗ ತೆಗೆದವರು ತಾನಾಬೆ-ಸಾನ್ ಅವರ ದೊಡ್ಡಮ್ಮ ಕುಬೋ-ಸಾನ್. ಎಪ್ಪತ್ತನಾಲ್ಕು ವರ್ಷ, ನನ್ನ ಭುಜದೆತ್ತರ, ಕುತ್ತಿಗೆ ಮುಚ್ಚುವ ಬಟ್ಟೆಯ ಟೋಪಿ. ಗಂಡ ತೀರಿಕೊಂಡ ಮೇಲೂ ಹೊಲ ಬಿಟ್ಟಿರಲಿಲ್ಲ. ಇಲ್ಲಿ ಭಂಗಿ ಬೆಳೆಯುವುದು ನಾರಿಗಾಗಿ. ಆ ನಾರಿನಿಂದ ಊರಿನ ದೇಗುಲಕ್ಕೆ ಹಗ್ಗ ಹೊಸೆಯುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಈಗ ಉಳಿದಿರುವುದು ಮೂರೇ ಹೊಲ. ಒಂದು ಇವರದು, ಉಳಿದೆರಡು ನೆರೆಯವರದು.

ಒಳಗೆ ಮೂರು ಪಟ್ಟೆಗಳಿದ್ದವು. ಎರಡರಲ್ಲಿ ಮೊಣಕಾಲೆತ್ತರದ ಸಸಿಗಳು ಒತ್ತೊತ್ತಾಗಿ ನಿಂತಿದ್ದವು. ಮೂರನೆಯದರಲ್ಲಿ ಕೆದರಿದ ಮಣ್ಣು ಮಾತ್ರ. ಅದನ್ನು ನಾನು ಬೀಳುಬಿಟ್ಟ ನೆಲವೆಂದೇ ತಿಳಿದು ದಾಟಿ ಹೋಗುತ್ತಿದ್ದೆ. ಕುಬೋ-ಸಾನ್ ಅಲ್ಲಿ ನಿಂತು, ಕೈ ಜೋಡಿಸಿಟ್ಟುಕೊಂಡು, ಏನೋ ಹೇಳಿದರು.

"ಸೆನ್ಸೇ ಹೇಳಿದ್ ಹಾಗೇ ಮಾಡ್ದೆ ಅಂತಿದಾರೆ" ಎಂದಳು ನಿವೇದಿತಾ. ಅವಳ ದನಿ ಇಳಿದಿತ್ತು. "ಗುರುವಾರ ಬೆಳಗ್ಗೆ ಇಡೀ ಪಟ್ಟೆ ಕಿತ್ತಿದಾರೆ, ಮೇಡಂ. ಒಬ್ರೇ."

ಕಿತ್ತ ಗಿಡ ಎಲ್ಲಿ ಎಂದು ಕೇಳಿದೆ. ಬೇಲಿಯ ಒಳಗೇ ಇದ್ದ ಷೆಡ್ಡಿಗೆ ಕರೆದೊಯ್ದರು. ಕಿತ್ತದ್ದನ್ನು ಹಾಗೆಲ್ಲ ಎಸೆಯುವಂತಿಲ್ಲ; ಅಧಿಕಾರಿ ಬಂದು ನೋಡಿ, ಕಾರಣ ಬರೆದುಕೊಂಡ ಮೇಲೆ ಸುಡಬೇಕು. ಸಸಿಗಳನ್ನು ಹಿಡಿ ಹಿಡಿಯಾಗಿ ಕಟ್ಟಿ, ಬುಡವೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿಟ್ಟಿದ್ದರು. ಸುಡಲಿರುವ ಗಿಡಕ್ಕೆ ಇಷ್ಟು ಒಪ್ಪ ಓರಣವೇ ಎಂದು ನನಗೆ ಇನ್ನಷ್ಟು ಸಂಕಟವಾಯಿತು.

ಕೊರಳಲ್ಲಿದ್ದ ಭೂತಗನ್ನಡಿ ತೆಗೆದು, ಬಾಡಿದ ಎಲೆಯನ್ನು ಬೆಳಕಿಗೆ ಹಿಡಿದೆ. ಬೂಷ್ಟಾಗಿದ್ದರೆ ಕೂದಲಿನ ಬುಡದಲ್ಲಿ ಬಿಳಿ ಎಳೆಗಳ ಬಲೆ ಹಬ್ಬಿರಬೇಕಿತ್ತು. ಇಲ್ಲಿ ಬುಡ ಸ್ವಚ್ಛವಾಗಿತ್ತು. ಒಂದೊಂದು ಎಳೆಯೂ ಎಲೆಗೆ ಗೋಂದಿನಿಂದ ಅಂಟಿಸಿ ನಿಲ್ಲಿಸಿದ ಹಾಗಿತ್ತು. ತುದಿಯ ಮಣಿ ದುಂಡಗಿರಲಿಲ್ಲ, ಅಕ್ಕಿಕಾಳಿನಂತೆ ಉದ್ದುದ್ದ. ಅವುಗಳಲ್ಲಿ ಹಲವು ಖಾಲಿ, ನೆತ್ತಿಯಲ್ಲಿ ಬಿರುಕು. ಎಲೆಯನ್ನು ತಿರುಗಿಸಿದೆ. ಕೆಳಗಡೆ ಒಂದು ಸಣ್ಣ ಮರಿಹುಳು, ಕುಡುಗೋಲಿನಂಥ ಎರಡು ದವಡೆಗಳ ನಡುವೆ ಗಿಡದ ಹೇನೊಂದನ್ನು ಹಿಡಿದು ಹೀರುತ್ತಿತ್ತು.

ಜಾಲರಿ ರೆಕ್ಕೆಯ ಹಸಿರು ಕೀಟದ ಮೊಟ್ಟೆಗಳು. ರೈತನ ಮಿತ್ರ ಎಂದು ನಮ್ಮ ಕಾಲೇಜಿನ ಗೋಡೆಯ ಮೇಲೆ ಅದರ ಚಿತ್ರವೇ ಇದೆ. ಮೊದಲು ಮೊಟ್ಟೆಯೊಡೆದು ಬಂದ ಮರಿ ಒಡಹುಟ್ಟಿದವನ್ನೇ ತಿನ್ನದಿರಲಿ ಎಂದು ತಾಯಿ ಒಂದೊಂದು ಮೊಟ್ಟೆಯನ್ನೂ ಬೇರೆ ಬೇರೆ ಎಳೆಯ ತುದಿಗೆ ಇಡುತ್ತದೆ. ಮರಿಗಳು ಗಿಡದ ಹೇನು ತಿಂದು ಬೆಳೆಯುತ್ತವೆ. ರೋಗವೇ ಇಲ್ಲದ, ಕಾವಲುಗಾರರನ್ನು ಹೊತ್ತು ನಿಂತಿದ್ದ ಗಿಡಗಳನ್ನು ನಾನು ಕೀಳಿಸಿದ್ದೆ.

"ಏನ್ ಮೇಡಂ?" ಎಂದಳು ನಿವೇದಿತಾ.

"ತಪ್ಪು ಹೇಳ್ಬಿಟ್ಟೆ ಕಣೇ" ಎಂದೆ. ಅದನ್ನು ಜಪಾನಿಯಲ್ಲಿ ಹೇಳು ಎಂದೆ. ಅವಳು ಹೇಳಿದಳು. ಕುಬೋ-ಸಾನ್ ನನ್ನ ಮುಖ ನೋಡದೆ, ಒಂದು ಕಟ್ಟಿನ ತುದಿಯನ್ನು ಸರಿಪಡಿಸಿದರು.

ಹೊರಡುವಾಗ ಬಾಗಿಲ ಬಳಿ ನಮ್ಮನ್ನು ನಿಲ್ಲಿಸಿ, ಒಂದು ಮೆತ್ತನೆಯ ಬ್ರಷ್ಷಿನಿಂದ ಭುಜ, ತೋಳು, ಚಪ್ಪಲಿಯ ತಳ ಎಲ್ಲ ಉಜ್ಜಿದರು. ಎಲೆಯ ಚೂರು ಹೊರಹೋಗಬಾರದಲ್ಲ. ನನ್ನ ಜಡೆಯಲ್ಲಿ ಒಂದು ಸಿಕ್ಕಿತು. ಅದನ್ನು ಬಿಡಿಸುವಾಗ ನೋವಾಗದಿರಲೆಂದು ಅವರು ಉಸಿರು ಹಿಡಿದುಕೊಂಡದ್ದು ನನಗೆ ಕೇಳಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ; ಈ ಮೃದುತನಕ್ಕೆ ಕಣ್ಣಲ್ಲಿ ನೀರು ಬಂತು.

ಕುಬೋ-ಸಾನ್ ಮನೆ

ರಾತ್ರಿ ಅಲ್ಲೇ ಉಳಿಯುವುದೆಂದಾಯಿತು. ಅಧಿಕಾರಿ ಮರುದಿನ ಬೆಳಗ್ಗೆ ಬರುವವರಿದ್ದರು. ಹೊತ್ತು ಮುಳುಗುವ ಮುಂಚೆಯೇ ಊಟ. ಬಿಸಿ ಅನ್ನದ ಮೇಲೆ ಭಂಗಿ ಬೀಜವನ್ನು ಹುರಿದು ಕುಟ್ಟಿದ ಪುಡಿ ಉದುರಿಸಿದ್ದರು. ಆ ಬೀಜಕ್ಕೆ ಅಲ್ಲಿ ಯಾವ ನಿರ್ಬಂಧವೂ ಇಲ್ಲ. ಹುರಿದು ಡಬ್ಬಿಗೆ ತುಂಬಿಸಿ ಅಂಗಡಿಯಲ್ಲೇ ಮಾರುತ್ತಾರೆ. ಥೇಟ್ ನಮ್ಮ ಹುಚ್ಚೆಳ್ಳು ಚಟ್ನಿಪುಡಿಯ ರುಚಿ. ಬೇರೆ ದಿನವಾಗಿದ್ದರೆ ಮೂರು ಸಲ ಬಡಿಸಿಕೊಳ್ಳುತ್ತಿದ್ದೆ.

ನಿವೇದಿತಾ ನನಗೆ ಪರಿಸ್ಥಿತಿ ಬಿಡಿಸಿ ಹೇಳಿದಳು. ನಾಳೆ ಫಾರಮ್ಮಿನಲ್ಲಿ ಕಿತ್ತದ್ದಕ್ಕೆ ಕಾರಣ ಬರೆಯಬೇಕು. ರೋಗ ಎಂದೋ ರೋಗದ ಅನುಮಾನ ಎಂದೋ ಬರೆದರೆ ಉಳಿದೆರಡು ಪಟ್ಟೆಗಳನ್ನೂ ಕೀಳಿಸುತ್ತಾರೆ. ನೆರೆಯವರ ಹೊಲಗಳಿಗೂ ತಪಾಸಣೆ. ಕಾರಣವೇ ಇಲ್ಲದೆ ಕಿತ್ತರು ಎಂದಾದರೆ ಕುಬೋ-ಸಾನ್ ಬೇಜವಾಬ್ದಾರಿ ಎಂದು ದಾಖಲಾಗುತ್ತದೆ, ಪರವಾನಗಿ ನವೀಕರಣಕ್ಕೆ ಕುತ್ತು. ತಜ್ಞೆ ತಪ್ಪು ಹೇಳಿದರು ಎಂದು ಬರೆದರೆ ಹೊಲ ಉಳಿಯುತ್ತದೆ. ಆದರೆ ಆ ಕಾಗದ ನನ್ನ ಹೆಸರು ಹೊತ್ತು ಸಂಸ್ಥೆಗೂ ಹೋಗುತ್ತದೆ, ಅಲ್ಲಿಂದ ನಮ್ಮ ಕಾಲೇಜಿಗೂ.

"ನಿಮ್ ಹೆಸರು ಹಾಕೋದು ಬೇಡ ಮೇಡಂ. ಸಸಿ ಒತ್ತಾಗಿತ್ತು, ತೆಳು ಮಾಡಕ್ಕೆ ಕಿತ್ರು ಅಂತ ಬರೀಬಹುದು. ಕುಬೋ-ಸಾನೇ ಹಾಗಂದ್ರು. ಅತಿಥಿ ತಪ್ಪನ್ನ ಕಾಗದಕ್ಕೆ ಹಾಕಲ್ಲ ಅಂತಿದಾರೆ."

"ಇಡೀ ಪಟ್ಟೆ ಕಿತ್ತು ತೆಳು ಮಾಡೋದು ಅಂದ್ರೆ ಯಾರ್ ನಂಬ್ತಾರೆ?"

"ನಂಬಲ್ಲ. ನಂಬಿದೋರ್ ಥರ ಸುಮ್ನಿರ್ತಾರೆ. ಆಮೇಲೆ ಮುಂದಿನ್ ವರ್ಷ ಪರವಾನಗಿ ಬರಲ್ಲ."

ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ಆ ಸುಳ್ಳು ನನಗೆ ಹಿತವಾಗಿ ಕಂಡಿತು. ರಿಟೈರಾಗಲು ಎರಡು ವರ್ಷ. ಬೂಷ್ಟಿನ ಮೇಡಂ ಮೊಟ್ಟೆಗೂ ಬೂಷ್ಟಿಗೂ ವ್ಯತ್ಯಾಸ ತಿಳಿಯದವಳು ಎಂದು ಸ್ಟಾಫ್ ರೂಮಿನಲ್ಲಿ ಯಾರ್ಯಾರು ಹೇಗೆ ನಗುತ್ತಾರೆ ಎಂಬುದೂ ಕಣ್ಣಿಗೆ ಕಟ್ಟಿತು.

ಕುಬೋ-ಸಾನ್ ಚಹಾ ತಂದಿಟ್ಟರು. ನಾನು ಇಷ್ಟು ಹೊತ್ತು ಕೇಳದೇ ಉಳಿಸಿಕೊಂಡಿದ್ದನ್ನು ಆಗ ಕೇಳಿದೆ. ಹೊಲದಲ್ಲಿ ಇಂಥ ಮಣಿಗಳನ್ನು ನೀವು ಮೊದಲು ಕಂಡಿರಲಿಲ್ಲವೇ?

ಅವರು ತಮ್ಮ ಲೋಟವನ್ನು ಅತ್ತ ಸರಿಸಿದರು. ಹೇಳಿದ್ದು ನಿವೇದಿತಾಳ ಬಾಯಲ್ಲಿ ಹೀಗೆ ಬಂತು: "ನೋಡಿದೀನಿ. ಪ್ರತೀ ವರ್ಷ ಬರುತ್ತೆ. ಹೇನು ಜಾಸ್ತಿ ಇರೋ ವರ್ಷ ಜಾಸ್ತಿ. ನಮ್ ಅತ್ತೆ ಇದನ್ನ ಉದೊಂಗೆ ಹೂವು ಅಂತಿದ್ರು. ಎಷ್ಟೋ ಸಾವಿರ ವರ್ಷಕ್ಕೊಂದ್ಸಲ ಅರಳೋ ಹೂವು ಅಂತೆ. ಮುಟ್ಟಬೇಡ ಅಂತಿದ್ರು. ಆಮೇಲೆ ಹುಳದ್ ಮೊಟ್ಟೆ ಅಂತ ನಂಗೇ ಗೊತ್ತಾಯ್ತು. ಈ ವರ್ಷ ತುಂಬಾ ಚೆನ್ನಾಗ್ ಬಂದಿತ್ತು, ಅದಕ್ಕೇ ತಾನಾಬೆಗೆ ಫೋಟೋ ಕಳ್ಸಿದ್ದು. ತೋರ್ಸೋಣ ಅಂತ."

ರೋಗವೇ ಎಂದು ಅವರು ವಿಚಾರಿಸಿಯೇ ಇರಲಿಲ್ಲ. ಅಂಗಳದಲ್ಲಿ ಅರಳಿದ ಬ್ರಹ್ಮಕಮಲದ ಚಿತ್ರವನ್ನು ನಾವು ನೆಂಟರಿಗೆಲ್ಲ ಕಳಿಸುವುದಿಲ್ಲವೇ, ಹಾಗೆ ಕಳಿಸಿದ್ದರು. ಏನೋ ಬೆಳೆದಿದೆ ಎಂದು ತಾನಾಬೆ-ಸಾನ್ ನನಗೆ ತೋರಿಸಿದರು, ಅದನ್ನು ರೋಗವಾಗಿಸಿದವಳು ನಾನು. ಉದೊಂಗೆ ಎಂದರೆ ನಮ್ಮ ಔದುಂಬರವೇ ಎಂದು ನಿವೇದಿತಾ ಹೇಳಿದಳು. ಅತ್ತಿಮರದ ಹೂವನ್ನು ಕಂಡವರಿಲ್ಲ ಎಂದು ನಾವೂ ಹೇಳುತ್ತೇವಲ್ಲ.

"ಮತ್ತೆ ಯಾಕೆ ಕಿತ್ರಿ?" ನನ್ನ ದನಿ ಏರಿತ್ತು. ತಪ್ಪು ನನ್ನದು, ಸಿಟ್ಟು ಅವರ ಮೇಲೆ.

"ಸೆನ್ಸೇ ಅಷ್ಟು ದೂರದಿಂದ ಬಂದೋರು. ಇದರ ಬಗ್ಗೆನೇ ಓದಿರೋರು. ನಂಗೆ ಕಾಣದ್ದು ಏನೋ ಅವರಿಗೆ ಕಂಡಿರ್ಬೇಕು ಅಂದ್ಕೊಂಡೆ. ಹೊಸ ರೋಗ ಇರಬಹುದು, ಪಕ್ಕದ ಹೊಲಕ್ಕೆ ಹರಡಿದ್ರೆ ನನ್ನಿಂದ ಅವರಿಗೆ ತೊಂದರೆ. ಕೀಳೋವಾಗ ಬೇಜಾರಾಯ್ತು, ಮರಿಗಳು ಆಗ್ಲೇ ಹೊರಗ್ ಬರ್ತಿದ್ವು."

ನನಗೆ ಪುಟ್ಟಮ್ಮ ನೆನಪಾದಳು. ಇಪ್ಪತ್ತು ವರ್ಷದ ಹಿಂದಿನ ಮಾತು. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಅವಳ ಬದನೆ ಮಡಿಗೆ ಹೋಗಿ, ಎಲೆ ತಿರುಗಿಸಿ ನೋಡಿ, ಎಲ್ಲ ಕಿತ್ತು ಸುಡು ಎಂದಿದ್ದೆ. ಕೆನ್ನೆಯ ಮೇಲೆ ಕೈಯಿಟ್ಟು ನಿಂತಿದ್ದಳು. "ಆಯ್ತು ಕಣವ್ವ, ನೀವೇಳ್ದಂಗೇ ಮಾಡ್ತೀನಿ" ಎಂದಳು. ಆ ನಿಲುವಿನಲ್ಲಿ ಒಂದು ಮಾತು ಇತ್ತು ಎಂದು ಈಗ ಅನ್ನಿಸುತ್ತದೆ. ನಾನು ಜೀಪು ಹತ್ತಿ ಬಂದೆ, ಮತ್ತೆ ಹೋಗಿ ನೋಡಲಿಲ್ಲ. ಅಂದು ನಾನು ಹೇಳಿದ್ದು ಸರಿಯಿತ್ತೋ ತಪ್ಪಿತ್ತೋ, ಇಂದಿಗೂ ನನಗೆ ಗೊತ್ತಿಲ್ಲ. ಮೂವತ್ತು ವರ್ಷ ತಲೆಯಾಡಿಸಿದವರನ್ನೆಲ್ಲ ಒಪ್ಪಿದವರೆಂದೇ ಎಣಿಸಿಕೊಂಡು ಬಂದಿದ್ದೇನೆ. ಆ ಜನರಲ್ಲಿ ಎಷ್ಟು ಮಂದಿ ಕುಬೋ-ಸಾನ್‌ಗಳಿದ್ದರೋ ಎಂದು ಯೋಚಿಸಿ, ಚಾಪೆಯ ಮೇಲೆ ಬಿದ್ದುಕೊಂಡವಳಿಗೆ ನಿದ್ದೆ ಹತ್ತಲಿಲ್ಲ.

ಸೋಮವಾರ, ಕಾರಣದ ಕಲಂ

ಅಧಿಕಾರಿ ಒಗಾವಾ-ಸಾನ್ ಹೇಳಿದ ನಿಮಿಷಕ್ಕೆ ಸರಿಯಾಗಿ ಬಂದರು. ಮೂವತ್ತೈದರ ಆಸುಪಾಸಿನ ತರುಣ, ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ಗಂಬೂಟು. ಷೆಡ್ಡಿನ ಕಟ್ಟುಗಳನ್ನು ಎಣಿಸಿ, ಹಲಗೆಯ ಮೇಲೆ ಫಾರಂ ಹರಡಿ, ಕಾರಣ ಏನೆಂದು ಕೇಳಿದರು.

ಕುಬೋ-ಸಾನ್ ಬಾಯಿ ತೆರೆಯುವ ಮೊದಲೇ ನಾನು ಕನ್ನಡದಲ್ಲಿ ಶುರುಮಾಡಿದೆ. ಇಂಗ್ಲಿಷಿನಲ್ಲಿ ಹೇಳಿದರೆ ಎಲ್ಲಾದರೂ ಜಾರಿಕೊಳ್ಳುವ ಪದ ಹುಡುಕುತ್ತೇನೆ ಎಂದು ನನ್ನ ಮೇಲೆ ನನಗೇ ಗುಮಾನಿಯಿತ್ತು. ನಿವೇದಿತಾ ಒಂದೊಂದೇ ವಾಕ್ಯವನ್ನು ದಾಟಿಸಿದಳು. ಚಿತ್ರ ನೋಡಿದೆ. ಎಲೆಯನ್ನು ನೋಡಿರಲಿಲ್ಲ. ಬೂಷ್ಟೆಂದು ಹೇಳಿದೆ. ಬೂಷ್ಟಾಗಿರಲಿಲ್ಲ, ಜಾಲರಿ ರೆಕ್ಕೆಯ ಕೀಟದ ಮೊಟ್ಟೆಗಳಾಗಿದ್ದವು. ಈ ಹೊಲದಲ್ಲಿ ರೋಗವಿಲ್ಲ. ಬೇಕಾದರೆ ನೋಡಿ ಎಂದು ಭೂತಗನ್ನಡಿ ಕೊಟ್ಟೆ.

ಒಗಾವಾ-ಸಾನ್ ಷೆಡ್ಡಿನ ಎಲೆ ನೋಡಿದರು, ಹೊಲದ ಎಲೆ ನೋಡಿದರು, ಮರಿಯೊಂದು ಹೇನು ಹಿಡಿದದ್ದನ್ನೂ ನೋಡಿ ಸಣ್ಣದೊಂದು ಉದ್ಗಾರ ತೆಗೆದರು. ಬರೆಯತೊಡಗಿದರು. ಅಷ್ಟರಲ್ಲಿ ಕುಬೋ-ಸಾನ್ ತಗ್ಗಿದ ದನಿಯಲ್ಲಿ ನಡುವೆ ಬಂದರು.

"ಕಿತ್ತಿದ್ದು ನನ್ ಕೈ, ಸೆನ್ಸೇ ಕೈ ಅಲ್ಲ, ಹಾಗೇ ಬರೀರಿ ಅಂತಿದಾರೆ" ಎಂದಳು ನಿವೇದಿತಾ.

"ಇನ್ನೊಂದು ವಾಕ್ಯ ಸೇರಿಸ್ಬೇಕು ಅಂತ ಹೇಳು" ಎಂದೆ. "ಇದು ಏನು ಅಂತ ಹೊಲದ ಒಡತಿಗೆ ಮೊದಲೇ ಗೊತ್ತಿತ್ತು. ನಾನು ಅವರನ್ನ ಕೇಳಲಿಲ್ಲ."

ನಿವೇದಿತಾ ನನ್ನ ಮುಖ ನೋಡಿದಳು, ಆಮೇಲೆ ಹೇಳಿದಳು. ಒಗಾವಾ-ಸಾನ್ ಪೆನ್ನು ನಿಲ್ಲಿಸಿ, ಇಂಥದ್ದಕ್ಕೆ ಫಾರಮ್ಮಿನಲ್ಲಿ ಕಲಂ ಇಲ್ಲವಲ್ಲ ಎಂದರು. ಕಾರಣದ ಕೆಳಗೇ ಬರೆಯಿರಿ, ಅದೂ ಕಾರಣವೇ ಎಂದೆ. ಅವರು ಕುಬೋ-ಸಾನ್ ಕಡೆ ನೋಡಿದರು. ಆಕೆ ಬೇಡವೆನ್ನಲಿಲ್ಲ. ವಾಕ್ಯ ಕಾಗದಕ್ಕೆ ಬಿತ್ತು. ಕೆಳಗೆ ನಾನು ಕನ್ನಡದಲ್ಲಿ ಸಹಿ ಹಾಕಿದೆ, ಪಕ್ಕದಲ್ಲಿ ಕುಬೋ-ಸಾನ್ ತಮ್ಮ ಮುದ್ರೆ ಒತ್ತಿದರು. ಉಳಿದ ಎರಡು ಪಟ್ಟೆಗಳು ಉಳಿದವು. ನೆರೆಯವರ ಹೊಲಕ್ಕೆ ಯಾರೂ ಹೋಗಬೇಕಾಗಲಿಲ್ಲ. ಈ ವರ್ಷದ ದೇಗುಲದ ಹಗ್ಗ ಮಾತ್ರ ತೆಳ್ಳಗಾಗುತ್ತದೆ, ಅದಕ್ಕೆ ನನ್ನ ಬಳಿ ಪರಿಹಾರವಿರಲಿಲ್ಲ.

ಕಟ್ಟುಗಳನ್ನು ಸುಡುವ ಮೊದಲು ಒಂದು ಗಂಟೆ ಬಿಡುವು ಕೊಡಿ ಎಂದು ಒಗಾವಾ-ಸಾನ್ ಅವರನ್ನು ಕೇಳಿಕೊಂಡೆ. ಬಾಡಿದ ಎಲೆಗಳಲ್ಲಿ ಹಸಿದ ಮರಿಗಳು ಇನ್ನೂ ಹರಿದಾಡುತ್ತಿದ್ದವು. ಷೆಡ್ಡೂ ಬೇಲಿಯ ಒಳಗೇ ಇದ್ದುದರಿಂದ ಕಾನೂನಿನ ಅಡ್ಡಿಯಿರಲಿಲ್ಲ. ಕುಬೋ-ಸಾನ್ ಮನೆಯಿಂದ ಅಕ್ಷರ ಬರೆಯುವ ಮೂರು ಕುಂಚಗಳನ್ನು ತಂದರು. ಕುಂಚದ ತುದಿಯಿಂದ ಮರಿಗಳನ್ನು ಬಟ್ಟಲಿಗೆ ತಳ್ಳಿಕೊಂಡು, ಹೊಲದ ಸಸಿಗಳ ಮೇಲೆ ಒಂದೊಂದಾಗಿ ಬಿಡುತ್ತ ಹೋದೆವು. ನಾನೂ ಹುಮ್ಮಸ್ಸಿನಿಂದ ಪಟ್ಟೆಯ ನಡುವೆ ನುಗ್ಗಿ, ಬಗ್ಗಿ, ಭೂತಗನ್ನಡಿ ಕಣ್ಣಿಗೊತ್ತಿಕೊಂಡು ಒಂದು ಎಲೆಯ ಬೆನ್ನು ನೋಡುತ್ತಿದ್ದೆ.

ಹಿಂದಿನಿಂದ ಗಟ್ಟಿಯಾದ ಒಂದು ಮಾತು ಬಂತು. ಕುಬೋ-ಸಾನ್ ದನಿ ಅಷ್ಟು ಜೋರಾಗಬಹುದೆಂದು ನನಗೆ ಗೊತ್ತಿರಲಿಲ್ಲ. ನಿವೇದಿತಾ ಬಟ್ಟಲು ಹಿಡಿದುಕೊಂಡೇ ನಕ್ಕುಬಿಟ್ಟಳು.

"ಏನಂದ್ರು ಕಣೇ?"

"ಕಾಲು ತೆಗೀರಿ, ಸಸಿ ತುಳೀತಿದೀರ, ಅಂದ್ರು."